ಅಟ್ಟದ ಮೇಲಿನ ವಿಸಿಆರ್ ಕೆಟ್ಟಿದೆಯಾ? ಮೊದಲು ಕ್ಯಾಸೆಟ್ ಎಣಿಸಿ

ಕಳೆದ ಮಳೆಗಾಲಕ್ಕೆ ಮುಂಚೆ ಅಕ್ಕ ಫೋನ್ ಮಾಡಿದ್ದಳು. ಅವಳ ಮದುವೆ ಕ್ಯಾಸೆಟ್ ತೀರ್ಥಹಳ್ಳಿ ಮನೆಯ ಅಟ್ಟದಲ್ಲೇ ಉಳಿದಿದೆ, ಮಗಳಿಗೆ ತೋರಿಸಬೇಕಂತೆ. "ಒಂಚೂರು ಹಾಕಿ ನೋಡು ಮಾರಾಯ, ಅಜ್ಜ ಮಾತಾಡಿದ್ದು ಅದೊಂದರಲ್ಲೇ ಇರೋದು" ಅಂದಳು.

ಹಳೇ ಪಂಚೆ ಸುತ್ತಿಟ್ಟಿದ್ದ ವಿಸಿಆರ್ ಇಳಿಸಿದೆ. ಧೂಳು ಒರೆಸಿ ಪ್ಲಗ್ ಹಾಕಿದರೆ ಗಡಿಯಾರದ ಹಸಿರು ಅಂಕಿ ಮಿಣಮಿಣ ಅಂದಿತು. ಬದುಕಿದೆ ಅಂತ ಖುಷಿಯಾಯಿತು. ಕ್ಯಾಸೆಟ್ ತಳ್ಳಿದೆ. ನುಂಗಿತು, ಗರಗರ ಅಂದಿತು, ಐದೇ ಸೆಕೆಂಡಿಗೆ ಉಗುಳಿತು. ಮತ್ತೆ ತಳ್ಳಿದೆ, ಮತ್ತೆ ಉಗುಳಿತು. ಮೂರನೇ ಸಲ ಕ್ಯಾಸೆಟ್ ಜೊತೆಗೆ ಒಂದು ಮೊಳ ಟೇಪೂ ಹೊರಗೆ ಜೋತು ಬಿದ್ದಿತು.

ಪುಣ್ಯಕ್ಕೆ ಅದು ಮದುವೆ ಕ್ಯಾಸೆಟ್ ಅಲ್ಲ. ದೂರದರ್ಶನದಿಂದ ಯಾವಾಗಲೋ ರೆಕಾರ್ಡ್ ಮಾಡಿದ್ದ ಕ್ರಿಕೆಟ್ ಮ್ಯಾಚು. ಹಾಗಾಗಿ ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ವರ್ಷಗಟ್ಟಲೆ ಓಡದ ಯಂತ್ರಕ್ಕೆ ಮೊದಲು ಹೋದರೂ ಚಿಂತೆಯಿಲ್ಲದ ಕ್ಯಾಸೆಟ್ ಹಾಕಿ. ಅಮೂಲ್ಯವಾದದ್ದನ್ನು ಕೊನೆಗೆ.

ಯಂತ್ರ ಎಷ್ಟು ಗಂಟೆ ಓಡಬೇಕು?

ಸ್ಕ್ರೂ ಡ್ರೈವರ್ ಹುಡುಕುವ ಮೊದಲು ಎಲ್ಲ ಕ್ಯಾಸೆಟ್ ನೆಲದ ಮೇಲೆ ಹರಡಿ ಕೂತುಕೊಳ್ಳಿ. ನಮ್ಮಲ್ಲಿ 14 ಇದ್ದವು. ಐದರಲ್ಲಿ ಟಿವಿಯಿಂದ ಹಿಡಿದ ಸಿನಿಮಾ, ಮ್ಯಾಚು. ಅವನ್ನು ಬದಿಗಿಟ್ಟೆ. ಎರಡು ಕ್ಯಾಸೆಟ್‌ನ ಇನ್ನೊಂದು ಪ್ರತಿ ಚಿಕ್ಕಪ್ಪನ ಮನೆಯಲ್ಲಿ ಆಗಲೇ ಸಿಡಿ ಆಗಿತ್ತು. ಉಳಿದದ್ದು ಏಳು: ಮದುವೆ, ಎರಡು ಉಪನಯನ, ಗೃಹಪ್ರವೇಶ, ಹೀಗೆ. ಮೇಲೆ ಇ-180 ಅಂತ ಇದ್ದರೆ ಅದು ಮೂರು ಗಂಟೆಯ ಕ್ಯಾಸೆಟ್. ಒಳಗೆ ಕಾಲು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ ಟೇಪು ಇರುತ್ತದೆ. ಏಳು ಮೂರಲ ಇಪ್ಪತ್ತೊಂದು ಗಂಟೆ.

ಅಂದರೆ ನನ್ನ ವಿಸಿಆರ್ ಇನ್ನು 21 ಗಂಟೆ ಸರಿಯಾಗಿ ಓಡಿದರೆ ಸಾಕು. ಪರೀಕ್ಷೆ, ಎಡವಟ್ಟು ಎಲ್ಲ ಸೇರಿಸಿ 40 ಅಂತಿಟ್ಟುಕೊಳ್ಳಿ. ಈ ಲೆಕ್ಕ ಮಾಡಿದ ಕೂಡಲೇ "ರಿಪೇರಿನಾ, ಬೇರೆ ತರೋದಾ" ಅನ್ನುವ ತಲೆನೋವು ಅರ್ಧ ಇಳಿಯಿತು. ಇನ್ನೂ ಹತ್ತು ವರ್ಷ ಬಾಳಿಕೆ ಬರುವಂತೆ ಯಾರೂ ರಿಪೇರಿ ಮಾಡಿಸಬೇಕಾಗಿಲ್ಲ. ಕ್ಯಾಸೆಟ್‌ನಲ್ಲಿ ಇರುವುದು ಕಂಪ್ಯೂಟರಿಗೆ ಇಳಿಯುವ ತನಕ ಯಂತ್ರ ಉಸಿರು ಹಿಡಿದುಕೊಂಡಿರಲಿ, ಅಷ್ಟೆ.

ಹೊಸದು ಕೊಳ್ಳೋಣ ಅಂದರೆ ಹೊಸದು ಅನ್ನುವುದೇ ಇಲ್ಲ. ಜೆವಿಸಿ ಕಂಪನಿ ಜಪಾನಿನಲ್ಲಿ ಈ ಕ್ಯಾಸೆಟ್ ಪದ್ಧತಿ, ಅಂದರೆ ವಿಎಚ್‌ಎಸ್ ಶುರು ಮಾಡಿದ್ದು 1976ರಲ್ಲಿ. ಕೊನೆಯವರೆಗೂ ವಿಸಿಆರ್ ಮಾಡುತ್ತಿದ್ದ ಫುನಾಯ್ ಕಂಪನಿ ಕೈ ತೊಳೆದುಕೊಂಡಿದ್ದು 2016ರ ಜುಲೈನಲ್ಲಿ. ಈಗ ಸಿಗುವುದೆಲ್ಲ ಇನ್ನೊಬ್ಬರ ಅಟ್ಟದಿಂದ ಇಳಿದ ಯಂತ್ರವೇ.

ನಿಮ್ಮ ಹತ್ತಿರ ಒಂದೋ ಎರಡೋ ಕ್ಯಾಸೆಟ್ ಇದ್ದರೆ ನನ್ನ ಸಲಹೆ ನೇರ: ಯಂತ್ರದ ಗೊಡವೆಗೆ ಹೋಗಬೇಡಿ. ಕ್ಯಾಸೆಟ್ ಡಿಜಿಟಲ್ ಮಾಡಿಕೊಡುವವರಿಗೆ ಕೊಡಿ. ಮದುವೆ ವಿಡಿಯೊ ತೆಗೆಯುವ ಹಳೇ ಸ್ಟುಡಿಯೊಗಳಲ್ಲಿ ಕೇಳಿದರೆ ಯಾರಾದರೂ ಸಿಗುತ್ತಾರೆ. ನಾಲ್ಕೈದಕ್ಕಿಂತ ಜಾಸ್ತಿ ಇದ್ದರೆ ಮುಂದೆ ಓದಿ.

ಎಣಿಸುವಾಗಲೇ ಕ್ಯಾಸೆಟ್ ಯಾವ ಜಾತಿಯದ್ದು ಅಂತಲೂ ನೋಡಿ. ದೊಡ್ಡದು, ಅರ್ಧ ಇಂಚು ಅಗಲದ ಟೇಪಿನದ್ದು ವಿಎಚ್‌ಎಸ್. ಅಂಗೈಯಲ್ಲಿ ಹಿಡಿಸುವ ಚಿಕ್ಕ ಕ್ಯಾಸೆಟ್ ಮೇಲೆ ವಿಎಚ್‌ಎಸ್-ಸಿ ಅಂತ ಇದ್ದರೆ, ದೊಡ್ಡ ಕ್ಯಾಸೆಟ್ ಆಕಾರದ ಅಡಾಪ್ಟರ್ ಒಳಗಿಟ್ಟು ಹಾಕಬಹುದು. ಆದರೆ ವಿಡಿಯೊ 8, ಹೈ 8, ಮಿನಿ ಡಿವಿಗೆ ಅಂಥ ಅಡಾಪ್ಟರ್ ಇಲ್ಲವೇ ಇಲ್ಲ. ಅವಕ್ಕೆ ಅದೇ ಜಾತಿಯ ಕ್ಯಾಮೆರಾನೇ ಬೇಕು. ಇದನ್ನು ತಿಳಿಯದೆ ಅಂಗಡಿ ಅಂಗಡಿ ಅಲೆದವರನ್ನು ನೋಡಿದ್ದೇನೆ.

ಅಮೆರಿಕದಲ್ಲಿರುವ ನೆಂಟರು ಕಳಿಸಿದ ಸೀಮಂತದ ಕ್ಯಾಸೆಟ್, ಟಿ-120 ಅಂತ ಬರೆದದ್ದು ಇದ್ದರೆ ಅದು ಅಲ್ಲಿನ ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿ ಆಗಿರುವ ಸಾಧ್ಯತೆ ಹೆಚ್ಚು. ನಮ್ಮದು ಪಾಲ್. ಪಾಲ್ ಮಾತ್ರ ಓದುವ ವಿಸಿಆರ್‌ನಲ್ಲಿ ಹಾಕಿದರೆ ಚಿತ್ರ ಉರುಳುತ್ತದೆ, ಇಲ್ಲಾ ಬಣ್ಣ ಹೋಗುತ್ತದೆ. ಅದನ್ನು ಕಂಡು ವಿಸಿಆರ್ ಕೆಟ್ಟಿದೆ ಅಂದುಕೊಳ್ಳಬೇಡಿ. ಅಲ್ಲಿಂದ ಯಂತ್ರವನ್ನೇ ತಂದಿದ್ದರೆ ಹಿಂದಿನ ಚೀಟಿ ಓದಿ. ಬರೀ 120 ವೋಲ್ಟ್ ಅಂತಿದ್ದರೆ ನಮ್ಮ 230ಕ್ಕೆ ನೇರವಾಗಿ ಹಾಕಿದ ಕ್ಷಣವೇ ಕಥೆ ಮುಗಿಯುತ್ತದೆ.

ಬೂಷ್ಟು ನೋಡಿ

ಮಲೆನಾಡು, ಕರಾವಳಿಯವರು ಇದನ್ನು ಬಿಡಲೇಬಾರದು. ಕ್ಯಾಸೆಟ್ಟಿನ ಕಿಟಕಿಯನ್ನು ಬೆಳಕಿಗೆ ಹಿಡಿದು ಸುರುಳಿಯ ಅಂಚು ನೋಡಿ. ಚೆನ್ನಾಗಿರುವ ಟೇಪು ನುಣ್ಣಗೆ ಕರ‍್ರಗೆ ಕಾಣುತ್ತದೆ. ಅಂಚಿನಲ್ಲಿ ಬಿಳಿ ಪುಡಿಯೋ ಹತ್ತಿಯ ಎಳೆಯಂಥದ್ದೋ ಕಂಡರೆ ಅದು ಬೂಷ್ಟು. ನಮ್ಮ ಏಳರಲ್ಲಿ ಎರಡಕ್ಕೆ ಹಿಡಿದಿತ್ತು.

ಬೂಷ್ಟು ಹಿಡಿದದ್ದನ್ನು ಯಂತ್ರಕ್ಕೆ ಹಾಕಬೇಡಿ. ಟೇಪು ಓದುವ ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ, ಆಮೇಲೆ ಹಾಕುವ ಒಳ್ಳೆ ಕ್ಯಾಸೆಟ್‌ಗೂ ಹಂಚುತ್ತದೆ. ಬಿಸಿಲಿಗೂ ಇಡಬೇಡಿ. ಹಪ್ಪಳ ಒಣಗಿಸಿದ ಹಾಗೆ ಒಣಗಿಸಿದರೆ ಟೇಪು ಸುರುಟುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಒಂದೆರಡು ವಾರ ಇಡಿ. ತೇವ ಹೋದರೆ ಬೂಷ್ಟು ಒಣಗಿ ಪುಡಿಯಾಗುತ್ತದೆ. ಆಮೇಲೆ ಮನೆಯ ಹೊರಗೆ, ಮೂಗಿಗೆ ಮಾಸ್ಕ್ ಹಾಕಿ, ಮುಚ್ಚಳ ಬಿಚ್ಚಿ ಒರೆಸಬೇಕು. ವಿಎಚ್‌ಎಸ್ ಕ್ಯಾಸೆಟ್‌ನ ಕೆಳಗೆ ಐದು ಸ್ಕ್ರೂ ಇರುತ್ತವೆ. ನಿಜ ಹೇಳಬೇಕೆಂದರೆ ಆ ಎರಡನ್ನು ನಾನು ಮುಟ್ಟಲಿಲ್ಲ, ಅದೇ ಕೆಲಸ ಮಾಡುವವರಿಗೆ ಕೊಟ್ಟೆ. ತಾಳ್ಮೆ ಇಲ್ಲದ ಕೈಗೆ ಅದು ಹೇಳಿಸಿದ ಕೆಲಸ ಅಲ್ಲ.

ಬಿಚ್ಚುವ ಮೊದಲು ಟಿವಿ ಕಡೆ ನೋಡಿ

"ವಿಸಿಆರ್ ಹಾಳಾಗಿದೆ, ಟಿವಿಯಲ್ಲಿ ಏನೂ ಬರಲ್ಲ" ಅನ್ನುವ ದೂರಿನಲ್ಲಿ ಎಷ್ಟೋ ಸಲ ವಿಸಿಆರ್‌ದು ತಪ್ಪೇ ಇರುವುದಿಲ್ಲ. ಹಿಂದೆ ಆಂಟೆನಾ ತಂತಿಯಲ್ಲೇ ಜೋಡಿಸಿ ಟಿವಿಯ ಒಂದು ಚಾನೆಲ್ ಟ್ಯೂನ್ ಮಾಡಿಡುತ್ತಿದ್ದರು. ಈಗಿನ ಟಿವಿಯಲ್ಲಿ ಅದನ್ನು ಹುಡುಕುತ್ತಾ ಕೂರಬೇಡಿ. ವಿಸಿಆರ್ ಹಿಂದೆ ಹಳದಿ, ಬಿಳಿ, ಕೆಂಪು ಸಾಕೆಟ್ ಇರುತ್ತವೆ. ಹಳದಿ ಚಿತ್ರಕ್ಕೆ, ಬಿಳಿ ಕೆಂಪು ಶಬ್ದಕ್ಕೆ. ಒಂದೇ ಸ್ಪೀಕರಿನ ಕಾಲದ ಯಂತ್ರವಾದರೆ ಶಬ್ದಕ್ಕೆ ಒಂದೇ ಸಾಕೆಟ್. ಟಿವಿಯಲ್ಲಿ ಆ ಮೂರು ಬಣ್ಣ ಕಾಣದಿದ್ದರೆ ಎವಿ ಅಂತ ಬರೆದ ಸಣ್ಣ ಗುಂಡು ತೂತು ಇದೆಯಾ ನೋಡಿ. ಅದಕ್ಕೆ ಬೇರೆ ತಂತಿ ಬರುತ್ತದೆ. ಅದೂ ಇಲ್ಲದಿದ್ದರೆ ಎವಿಯಿಂದ ಎಚ್‌ಡಿಎಂಐಗೆ ಬದಲಿಸುವ ಪುಟ್ಟ ಪೆಟ್ಟಿಗೆ ಸಿಗುತ್ತದೆ. ಆಮೇಲೆ ಟಿವಿ ರಿಮೋಟಿನಲ್ಲಿ ಎವಿ ಆರಿಸಿ.

ಇಷ್ಟಾದ ಮೇಲೂ ಏನೂ ಇಲ್ಲ ಅಂದರೆ ಬಿಚ್ಚೋಣ.

ಪ್ಲಗ್ ಕಿತ್ತು ಕೈಗೆ ಕಾಣುವ ಹಾಗೆ ಮೇಜಿನ ಮೇಲಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಹಿಂದೆ, ಪಕ್ಕದಲ್ಲಿ ಇರುವ ನಾಲ್ಕೈದು ಸ್ಕ್ರೂ ತೆಗೆದರೆ ಮೇಲಿನ ತಗಡು ಹಿಂದಕ್ಕೆ ಸರಿದು ಬರುತ್ತದೆ. ಕರೆಂಟ್ ಒಳಬರುವ ಮೂಲೆಯಲ್ಲಿ ಪವರ್ ಸಪ್ಲೈ ಇರುತ್ತದೆ. ಅಲ್ಲಿನ ದಪ್ಪ ಕಂಡೆನ್ಸರಿನಲ್ಲಿ ಸುಮಾರು 325 ವೋಲ್ಟ್ ತುಂಬಿಕೊಂಡಿರಬಹುದು. ಪ್ಲಗ್ ಕಿತ್ತ ಮೇಲೂ ಅದು ಕೂಡಲೇ ಇಳಿಯುವುದಿಲ್ಲ. ಆ ಮೂಲೆಗೆ ಕೈ ಹಾಕಬೇಡಿ. ಸೋಲ್ಡರಿಂಗ್ ಅಭ್ಯಾಸ ಇಲ್ಲದವರಿಗೆ ಇದು ಸಲಹೆಯಲ್ಲ, ಗದರಿಕೆ.

ನಮ್ಮ ಯಂತ್ರದೊಳಗೆ ಒಣಗಿದ ಎರಡು ಜಿರಲೆ, ಒಂದು ಹತ್ತು ಪೈಸೆ ಮತ್ತು ಮಡಚಿದ ಬಸ್ ಟಿಕೆಟ್ ಸಿಕ್ಕಿದವು. ಟಿಕೆಟ್ ತುರುಕಿದವನು ನಾನೇ ಇರಬೇಕು.

ಲೈಟೇ ಬರದಿದ್ದರೆ

ತಂತಿ, ಸಾಕೆಟ್, ಫ್ಯೂಸ್ ನೋಡಿ. ಫ್ಯೂಸಿನ ಗಾಜು ಒಳಗೆ ಕಪ್ಪಗೆ ಸುಟ್ಟಿದ್ದರೆ ಒಳಗೆಲ್ಲೋ ಶಾರ್ಟ್ ಆಗಿದೆ ಅಂತ ಅರ್ಥ. ಅದೇ ಅಳತೆಯ ಹೊಸ ಫ್ಯೂಸ್ ಹಾಕಿದರೂ ಹಾರುತ್ತದೆ. ತಂತಿ ಸುತ್ತುವ ನಮ್ಮೂರಿನ ಜಾಣತನ ಇಲ್ಲಿ ಬೇಡ.

ಇನ್ನೊಂದು ತಮಾಷೆ ಇದೆ. ವರ್ಷಗಟ್ಟಲೆ ಪ್ಲಗ್ ತೆಗೆಯದೆ ಚೆನ್ನಾಗಿದ್ದ ಯಂತ್ರ, ಒಂದು ರಾತ್ರಿ ಕರೆಂಟ್ ಹೋಗಿ ಬಂದ ಮೇಲೆ ಏಳಲೇ ಇಲ್ಲ. "ವೋಲ್ಟೇಜ್ ಜಾಸ್ತಿ ಬಂದು ಸುಟ್ಟು ಹೋಯ್ತು" ಅಂತ ಮನೆಯವರೆಲ್ಲ ತೀರ್ಮಾನ ಮಾಡುತ್ತಾರೆ. ಎಷ್ಟೋ ಸಲ ಸುಟ್ಟೇ ಇರುವುದಿಲ್ಲ. ಪವರ್ ಸಪ್ಲೈಯನ್ನು ಮೊದಲ ಸಲ ಎಬ್ಬಿಸಲು ಒಂದು ಸಣ್ಣ ಕಂಡೆನ್ಸರ್ ಇರುತ್ತದೆ. ಅದು ಬಿಸಿಗೆ ಮೆಲ್ಲಗೆ ಒಣಗಿರುತ್ತದೆ. ಓಡುತ್ತಿರುವ ಯಂತ್ರ ಓಡುತ್ತಲೇ ಇರುತ್ತದೆ, ಒಮ್ಮೆ ನಿಂತರೆ ಮಾತ್ರ ಮತ್ತೆ ಏಳಲಾರದು. ಮೆಕ್ಯಾನಿಕ್ ಹತ್ತಿರ ಹೋದಾಗ "ಕರೆಂಟ್ ಹೋಗಿ ಬಂದ ಮೇಲೆ ಸ್ಟಾರ್ಟ್ ಆಗಿಲ್ಲ" ಅಂತ ಇದೇ ಮಾತಲ್ಲಿ ಹೇಳಿ. ಅನುಭವಸ್ಥರಿಗೆ ಅಷ್ಟು ಸಾಕು. ಬದಲಿಸುವಾಗ ಮೈಕ್ರೊಫ್ಯಾರಡ್ ಅಷ್ಟೇ ಇರಬೇಕು, ವೋಲ್ಟ್ ಅಷ್ಟೇ ಅಥವಾ ಜಾಸ್ತಿ, 105 ಡಿಗ್ರಿ ಅಂತ ಬರೆದದ್ದು. ಸಾಮಾನಿಗೆ ಚಿಲ್ಲರೆ ದುಡ್ಡು, ಕೊಡಬೇಕಾದದ್ದು ಕೆಲಸದ ಕೂಲಿ.

ನುಂಗಿ ಉಗುಳಿದರೆ, ಟೇಪು ತಿಂದರೆ

ನಮ್ಮದು ಇದೇ ರೋಗ. ಶಿವಮೊಗ್ಗದಲ್ಲಿ ಟಿವಿ, ಟೇಪ್ ರೆಕಾರ್ಡರ್ ಕಾಲದ ಒಬ್ಬ ಹಿರಿಯ ಮೆಕ್ಯಾನಿಕ್ ಇದ್ದಾರೆ. ಹೆಡ್ ಹೋಗಿದೆ ಅನ್ನುತ್ತಾರೇನೋ ಅಂತ ಹೆದರಿಕೊಂಡೇ ಹೋಗಿದ್ದೆ. ಅವರು ಮುಚ್ಚಳ ತೆಗೆದು, ಟಾರ್ಚ್ ಬಿಟ್ಟು, ಒಂದು ಚಕ್ರವನ್ನು ಉಗುರಿನಿಂದ ಮುಟ್ಟಿ "ಹೆಡ್ ಅಲ್ಲ ಸಾರ್, ರಬ್ಬರ್. ನಮಗೆ ಮಂಡಿ ಇದ್ದಂಗೆ ಇದಕ್ಕೆ ಐಡ್ಲರ್" ಅಂದರು.

ಐಡ್ಲರ್ ಅಂದರೆ ಕ್ಯಾಸೆಟ್ ಕೂರುವ ಎರಡು ರೀಲುಗಳ ನಡುವೆ ಅತ್ತಿತ್ತ ಓಲಾಡುವ ಪುಟ್ಟ ಚಕ್ರ. ಅದರ ಸುತ್ತ ಒಂದು ರಬ್ಬರ್ ಉಂಗುರ. ಪ್ಲೇ ಮಾಡಿದರೆ ಬಲಕ್ಕೆ ವಾಲಿ ಬಲದ ರೀಲು ತಿರುಗಿಸುತ್ತದೆ, ರಿವೈಂಡ್ ಮಾಡಿದರೆ ಎಡಕ್ಕೆ ವಾಲುತ್ತದೆ. ಕೆಲವು ಯಂತ್ರಗಳಲ್ಲಿ ರಬ್ಬರ್ ಬದಲು ಹಲ್ಲಿನ ಚಕ್ರ ಇರುತ್ತದೆ. ರಬ್ಬರ್ ಹಳತಾದರೆ ಗಟ್ಟಿಯಾಗಿ ಜಾರುತ್ತದೆ. ನಮ್ಮದು ಕರಿ ಬಳೆಯ ಹಾಗೆ ಹೊಳೆಯುತ್ತಿತ್ತು. ಉಗುರು ಒತ್ತಿದರೆ ಗುರುತೇ ಮೂಡಲಿಲ್ಲ.

ರೀಲು ತಿರುಗುತ್ತಿದೆಯಾ ಅಂತ ಯಂತ್ರ ಸದಾ ಗಮನಿಸುತ್ತಿರುತ್ತದೆ. ಕೆಲವು ಸೆಕೆಂಡು ತಿರುಗದಿದ್ದರೆ ಟೇಪು ಉಳಿಸಲು ತಾನೇ ನಿಲ್ಲಿಸಿಬಿಡುತ್ತದೆ. ಉಗುಳುವುದು ಇದೇ ಕಾರಣಕ್ಕೆ. ಅರ್ಧಂಬರ್ಧ ತಿರುಗಿದರೆ ಇನ್ನೂ ಕಷ್ಟ. ಟೇಪು ಮುಂದೆ ಬರುತ್ತಲೇ ಇರುತ್ತದೆ, ಸುತ್ತಿಕೊಳ್ಳುವವರಿಲ್ಲ, ಯಂತ್ರದ ಹೊಟ್ಟೆಯೊಳಗೆ ಶ್ಯಾವಿಗೆ ಬಿದ್ದಂತೆ ಬೀಳುತ್ತದೆ.

ಉಂಗುರ ಬಿಚ್ಚಿ ಸೋಪು ನೀರಿನಲ್ಲಿ ತೊಳೆದು ಒರೆಸಿ ಒಣಗಿಸಿ. ಒಳಗಿನ ಮೈ ಹೊರಗೆ ಬರುವಂತೆ ಮಗುಚಿ ಹಾಕಿ. ಇದು ಹಳೇ ಮೆಕ್ಯಾನಿಕ್‌ಗಳ ತಾತ್ಕಾಲಿಕ ಉಪಾಯ, ಕೆಲವು ದಿನ ನಡೆಯುತ್ತದೆ. 21 ಗಂಟೆ ನಂಬಿ ಕೂರುವುದಾದರೆ ಅದೇ ಅಳತೆಯ ಹೊಸ ಉಂಗುರ ಹಾಕಿಸುವುದು ಒಳ್ಳೆಯದು. ಬೆಂಗಳೂರಿನ ಎಸ್‌ಪಿ ರೋಡಿನ ಹಳೇ ಬಿಡಿಭಾಗದ ಅಂಗಡಿಗಳಲ್ಲಿ ಹುಡುಕಬಹುದು, ಆನ್‌ಲೈನಲ್ಲೂ ಹುಡುಕಬಹುದು. ಹಳೇ ಉಂಗುರ ಜೇಬಲ್ಲಿ ಇಟ್ಟುಕೊಂಡೇ ಹೋಗಿ. ಮಾಡೆಲ್ ನಂಬರ್ ಹೇಳುವುದಕ್ಕಿಂತ ಉಂಗುರ ತೋರಿಸುವುದು ವಾಸಿ. ಕೆಳಗಡೆ ಬೆಲ್ಟ್ ಇದ್ದರೆ ಅದನ್ನೂ ನೋಡಿ. ಸಡಿಲವಾಗಿದ್ದರೆ ಅಥವಾ ಮುಟ್ಟಿದರೆ ಕಪ್ಪು ಅಂಟು ಕೈಗೆ ಹತ್ತಿದರೆ ಬದಲಿಸಿ.

ಮುಚ್ಚಳ ತೆಗೆದೇ ಪರೀಕ್ಷೆ ಮಾಡುವವರಿಗೆ ಒಂದು ಮಾತು. ಕ್ಯಾಸೆಟ್ ಕೂರುವ ಜಾಗದ ನಡುವೆ ಕಡ್ಡಿಯಂತೆ ನಿಂತಿರುವ ಪುಟ್ಟ ದೀಪ ಇದೆಯಲ್ಲಾ, ಟೇಪಿನ ತುದಿ ಬಂತಾ ಅಂತ ಯಂತ್ರ ಅದರಿಂದಲೇ ತಿಳಿಯುತ್ತದೆ. ಎರಡೂ ತುದಿಯಲ್ಲಿ ಟೇಪು ಪಾರದರ್ಶಕ. ಬೆಳಕು ದಾಟಿ ಪಕ್ಕದ ಸೆನ್ಸರಿಗೆ ಬಿದ್ದರೆ "ಮುಗಿಯಿತು" ಅಂತ ನಿಲ್ಲಿಸುತ್ತದೆ. ಮುಚ್ಚಳ ಇಲ್ಲದಾಗ ಕಿಟಕಿಯ ಬಿಸಿಲು ಬಿದ್ದರೂ ಅದು ಹೀಗೇ ಮೋಸ ಹೋಗುತ್ತದೆ. ಪರದೆ ಎಳೆದು, ಮೇಲೊಂದು ರಟ್ಟು ಅಡ್ಡ ಇಟ್ಟು ಪರೀಕ್ಷೆ ಮಾಡಿ. ಇದು ಗೊತ್ತಿಲ್ಲದೆ ನಾನು ಅರ್ಧ ದಿನ ಇಲ್ಲದ ರೋಗ ಹುಡುಕಿದೆ.

ಮಳೆಗಾಲದಲ್ಲಿ ಥಂಡಿ ಹಿಡಿದ ಯಂತ್ರವೂ ಕ್ಯಾಸೆಟ್ ಬೇಡ ಅನ್ನುತ್ತದೆ. ಒಳಗೆ ತೇವ ಪತ್ತೆ ಹಚ್ಚುವ ಸೆನ್ಸರ್ ಇರುವ ಮಾಡೆಲ್‌ಗಳಿವೆ. ಬರಿದೇ ಆನ್ ಮಾಡಿ ಒಂದೆರಡು ಗಂಟೆ ಬಿಡಿ, ಬೆಚ್ಚಗಾಗಲಿ.

ಕ್ಯಾಸೆಟ್ ಒಳಗೇ ಸಿಕ್ಕಿಕೊಂಡರೆ ಎಳೆಯಬೇಡಿ. ಪ್ಲಗ್ ಕಿತ್ತು, ಕ್ಯಾಸೆಟ್ ಒಳಗೆ ಎಳೆದುಕೊಳ್ಳುವ ಲೋಡಿಂಗ್ ಮೋಟಾರಿನ ಸುರುಳಿ ಹಲ್ಲಿನ ಚಕ್ರವನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಿ. ತುಂಬಾ ಸುತ್ತು ಬೇಕಾಗುತ್ತದೆ. ಹೆಡ್ ಇರುವ ಡ್ರಮ್ಮಿನ ಸುತ್ತ ಇರುವ ಟೇಪು ಸಡಿಲಾಗುತ್ತಾ ಬರುತ್ತದೆ. ಸಡಿಲಾದಷ್ಟನ್ನು ರೀಲು ತಿರುಗಿಸಿ ಕ್ಯಾಸೆಟ್ ಒಳಗೆ ಸೇರಿಸುತ್ತಾ ಹೋಗಿ. ಕೊನೆಗೆ ಕ್ಯಾಸೆಟ್ ತಾನೇ ಮೇಲೆದ್ದು ಬರುತ್ತದೆ. ಟೇಪು ತುಂಡಾಗಿದ್ದರೆ ಸೆಲ್ಲೊ ಟೇಪ್ ಹಚ್ಚಬೇಡಿ. ಅದರ ಅಂಟು ಜಿನುಗಿ ಹೆಡ್ಡಿಗೆ ಮೆತ್ತುತ್ತದೆ. ಇದಕ್ಕೇ ಅಂತ ಸ್ಪ್ಲೈಸಿಂಗ್ ಟೇಪ್ ಇದೆ.

ಪರದೆ ತುಂಬಾ ಅಕ್ಕಿ ಎರಚಿದಂತಿದ್ದರೆ

ಶಬ್ದ ಸ್ಪಷ್ಟವಾಗಿದೆ, ಚಿತ್ರ ಮಾತ್ರ ಚುಕ್ಕೆ ಚುಕ್ಕೆ ಅಥವಾ ಬರೀ ನೀಲಿ. ಸಾಮಾನ್ಯ ವಿಸಿಆರ್‌ನಲ್ಲಿ ಶಬ್ದ ಓದುವ ಹೆಡ್ ಬೇರೆ, ಚಿತ್ರ ಓದುವ ಹೆಡ್ ಬೇರೆ. ಹಾಗಾಗಿ ತಪ್ಪು ವಿಡಿಯೊ ಹೆಡ್‌ನದ್ದು ಅಂತ ಇಲ್ಲೇ ಗೊತ್ತಾಯಿತು. ಗಾಬರಿ ಬೇಡ, ಹೆಚ್ಚಿನ ಸಲ ಅದು ಬರೀ ಕೊಳೆ.

ಮುಚ್ಚಳ ತೆಗೆದಾಗ ವಾರೆಯಾಗಿ ಕೂತ, ಕನ್ನಡಿಯಂತೆ ಹೊಳೆಯುವ ಲೋಹದ ಡ್ರಮ್ ಕಾಣುತ್ತದೆ. 62 ಮಿಲಿಮೀಟರ್ ಅಗಲದ್ದು. ಪಾಲ್ ಕ್ಯಾಸೆಟ್ ಓಡುವಾಗ ಅದು ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಡ್ರಮ್ಮಿನ ನಡುವಿನ ಸಣ್ಣ ಸೀಳಿನಲ್ಲಿ, ಕಣ್ಣು ಕಿರಿದು ಮಾಡಿ ನೋಡಿದರೆ ಕಾಣುವಷ್ಟು ಚಿಕ್ಕ ಚೂರುಗಳಿವೆಯಲ್ಲ, ಅವೇ ಹೆಡ್ಡುಗಳು. ಬೆರಳು ತಾಗಿಸಿದರೆ ಎಣ್ಣೆ ಹತ್ತುತ್ತದೆ, ಒತ್ತಿದರೆ ಮುರಿಯುತ್ತವೆ.

ಬೇಕಾದದ್ದು 99 ಶೇಕಡದ ಐಸೋಪ್ರೊಪೈಲ್ ಆಲ್ಕೋಹಾಲ್. ಮೊಬೈಲ್ ರಿಪೇರಿ ಸಾಮಾನಿನ ಅಂಗಡಿಯಲ್ಲಿ ಐಪಿಎ ಅಂದರೆ ಕೊಡುತ್ತಾರೆ. ಮೆಡಿಕಲ್ ಶಾಪಿನ ಸ್ಪಿರಿಟ್ ಬೇಡ, ಅದರಲ್ಲಿ ನೀರಿರುತ್ತದೆ. ಹಿಂದೆ ಎಲ್ಲ ಮೆಕ್ಯಾನಿಕ್‌ಗಳ ಮೇಜಿನ ಮೇಲೆ ಇರುತ್ತಿದ್ದ ಸಿಟಿಸಿ (ಕಾರ್ಬನ್ ಟೆಟ್ರಾಕ್ಲೋರೈಡ್) ಬಾಟಲಿ ಯಾರಾದರೂ ಕೊಟ್ಟರೆ ಬೇಡ ಅನ್ನಿ, ಅದು ಲಿವರಿಗೆ ವಿಷ.

ಬಿಳಿ ಪ್ರಿಂಟಿಂಗ್ ಕಾಗದದಿಂದ ಎರಡು ಬೆರಳಗಲದ ಪಟ್ಟಿ ಕತ್ತರಿಸಿ. ಅದರ ತುದಿಯನ್ನು ಐಪಿಎಯಲ್ಲಿ ಚೆನ್ನಾಗಿ ನೆನೆಸಿ. ಪಟ್ಟಿಯನ್ನು ಡ್ರಮ್ಮಿನ ಪಕ್ಕಕ್ಕೆ ಚಪ್ಪಟೆಯಾಗಿ ತಾಗಿಸಿ ಒಂದು ಬೆರಳಿನಿಂದ ಹಗುರವಾಗಿ ಹಿಡಿಯಿರಿ. ಮಗುವಿನ ಕೆನ್ನೆ ಒರೆಸುವಷ್ಟು ಹಗುರ. ಇನ್ನೊಂದು ಕೈಯ ಬೆರಳನ್ನು ಡ್ರಮ್ಮಿನ ಮೇಲ್ಭಾಗದಲ್ಲಿ ಇಟ್ಟು, ಅದನ್ನು ಎಂಟು ಹತ್ತು ಸುತ್ತು ನಿಧಾನವಾಗಿ ತಿರುಗಿಸಿ. ಕಾಗದ ಅಲ್ಲೇ ನಿಂತಿರಬೇಕು, ತಿರುಗುವುದು ಡ್ರಮ್ ಮಾತ್ರ. ಕಾಗದವನ್ನು ಮೇಲೆ ಕೆಳಗೆ ಉಜ್ಜಿದಿರೋ, ಹೆಡ್ ಚೂರು ಕಿತ್ತು ಬರುತ್ತದೆ.

ಕಾಗದ ತೆಗೆದು ನೋಡಿ. ನನ್ನ ಮೊದಲ ಪಟ್ಟಿಯಲ್ಲಿ ಕಾಡಿಗೆ ಎಳೆದಂಥ ಎರಡು ಗೆರೆ ಬಂದವು. ಎರಡನೆಯದರಲ್ಲಿ ಕಂದು. ಐದನೆಯದು ಹಾಕಿದ ಹಾಗೇ ಬೆಳ್ಳಗೆ ಬಂತು. ಅಲ್ಲಿಗೆ ಸಾಕು.

ಕಿವಿ ಚೊಕ್ಕ ಮಾಡುವ ಹತ್ತಿಯ ಕಡ್ಡಿ ಡ್ರಮ್ಮಿಗೆ ಬೇಡವೇ ಬೇಡ. ಹತ್ತಿಯ ಎಳೆ ಹೆಡ್ಡಿಗೆ ಸಿಕ್ಕಿಕೊಂಡು ಮುರಿಯುತ್ತದೆ. ಬಲಗಡೆ ಇರುವ ಶಬ್ದದ ಹೆಡ್ಡು, ಟೇಪು ಹಾದು ಹೋಗುವ ಲೋಹದ ಕಂಬಗಳು, ಟೇಪನ್ನು ಎಳೆಯುವ ಕ್ಯಾಪ್‌ಸ್ಟನ್ ಕಡ್ಡಿ, ಇವಕ್ಕೆ ಮಾತ್ರ ಅದು ಆಗುತ್ತದೆ. ಆ ಕಡ್ಡಿಗೆ ಟೇಪನ್ನು ಒತ್ತಿ ಹಿಡಿಯುವ ಪಿಂಚ್ ರೋಲರಿನ ರಬ್ಬರಿಗೆ ಸೋಪು ನೀರಿನಲ್ಲಿ ಹಿಂಡಿದ ಬಟ್ಟೆ ಸಾಕು, ಆಲ್ಕೋಹಾಲ್ ಪದೇ ಪದೇ ಹಚ್ಚಿದರೆ ರಬ್ಬರ್ ಒಣಗುತ್ತದೆ. ಎಲ್ಲ ಮುಗಿದ ಮೇಲೆ ಅರ್ಧ ಗಂಟೆ ಬಿಡಿ. ಒದ್ದೆ ಡ್ರಮ್ಮಿಗೆ ಟೇಪು ಅಂಟಿಕೊಂಡರೆ ಇಷ್ಟು ಹೊತ್ತಿನ ಕಷ್ಟ ನೀರುಪಾಲು.

ಇಷ್ಟಾದರೂ ಅಕ್ಕಿ ಎರಚಿದಂತೆಯೇ ಇದ್ದರೆ ಹೆಡ್ ಸವೆದಿದೆ. ಡ್ರಮ್ ಬದಲಿಸಬೇಕು. ನನ್ನ ಪ್ರಕಾರ ಅಲ್ಲಿಗೆ ರಿಪೇರಿ ನಿಲ್ಲಿಸಿ ಬೇರೆ ಯಂತ್ರ ಹುಡುಕುವುದು ಸರಿ. ಕ್ಯಾಪ್‌ಸ್ಟನ್ ಮೋಟಾರು ಹೋದರೂ ಅಷ್ಟೆ.

ಪರದೆಯ ಕೆಳಗೋ ಮೇಲೋ ಅಡ್ಡ ಗೆರೆ ಓಡುತ್ತಿದ್ದರೆ ಮೊದಲು ಟ್ರ್ಯಾಕಿಂಗ್ ಬಟನ್ ಒತ್ತಿ ನೋಡಿ. ಒಂದೇ ಕ್ಯಾಸೆಟ್‌ನಲ್ಲಿ ಗೆರೆ ಬಂದು ಉಳಿದವು ಚೆನ್ನಾಗಿದ್ದರೆ ಆ ಕ್ಯಾಸೆಟ್ ರೆಕಾರ್ಡ್ ಆದ ಯಂತ್ರದ್ದೇ ಊನ. ಡ್ರಮ್ಮಿನ ಎರಡೂ ಪಕ್ಕದ ಕಂಬಗಳ ತಲೆಯಲ್ಲಿ ಸ್ಕ್ರೂ ಇರುತ್ತದೆ, ತಿರುಗಿಸಲು ಕೈ ತುರಿಸುತ್ತದೆ. ಸುಮ್ನೆ ಇರಿ. ಆ ಕಂಬದ ಎತ್ತರ ಕೂದಲೆಳೆಯಷ್ಟು ತಪ್ಪಿದರೂ ಎಲ್ಲ ಕ್ಯಾಸೆಟ್‌ಗೂ ಗೆರೆ ಬರುತ್ತದೆ.

ಬೇರೆ ಯಂತ್ರ ತರುವುದಾದರೆ

ಮೊದಲು ನೆಂಟರಿಷ್ಟರ ವಾಟ್ಸಾಪ್ ಗುಂಪಿನಲ್ಲಿ ಕೇಳಿ. ಗಲ್ಫಿನಿಂದ ಯಾರೋ ತಂದದ್ದು, ಮದುವೆಗೆ ಉಡುಗೊರೆ ಬಂದದ್ದು, ಒಂದಾದರೂ ಹೊರಬೀಳುತ್ತದೆ. ನಮಗೆ ರೆಕಾರ್ಡ್ ಮಾಡಬೇಕಾಗಿಲ್ಲವಲ್ಲ, ಹಾಗಾಗಿ ಬರೀ ಪ್ಲೇ ಆಗುವ ವಿಸಿಪಿ ಸಿಕ್ಕರೂ ಸಾಕು. ಹಿಂದೆ ವಿಡಿಯೊ ಲೈಬ್ರರಿಯಿಂದ ಒಂದು ರಾತ್ರಿಗೆ ಬಾಡಿಗೆ ತಂದು ಬೆಳಗಾಗುವ ತನಕ ಮೂರು ಸಿನಿಮಾ ನೋಡುತ್ತಿದ್ದೆವಲ್ಲ, ಅಂಥ ಗಟ್ಟಿ ಪೆಟ್ಟಿಗೆ.

ಕೊಳ್ಳಲು ಹೋಗುವಾಗ ನಿಮ್ಮದೇ ಒಂದು ಕೆಲಸಕ್ಕೆ ಬಾರದ ಕ್ಯಾಸೆಟ್ ತೆಗೆದುಕೊಂಡು ಹೋಗಿ. "ಲೈಟ್ ಬರುತ್ತೆ ಸಾರ್, ಗ್ಯಾರಂಟಿ ಓಡುತ್ತೆ" ಅನ್ನುವ ಮಾತಿಗೆ ಬೆಲೆ ಇಲ್ಲ. ಕಾಲು ಗಂಟೆ ಪ್ಲೇ ಮಾಡಿಸಿ. ಪೂರ್ತಿ ರಿವೈಂಡ್ ಮಾಡಿಸಿ. ಏದುಸಿರು ಬಿಟ್ಟು ನಡುವೆ ನಿಂತರೆ ರಬ್ಬರ್ ಹೋಗಿದೆ, ಅಷ್ಟು ಬೆಲೆ ಇಳಿಸಿ. ಹೊರಗೆ ಬಂದ ಕ್ಯಾಸೆಟ್‌ನ ಮುಂದಿನ ಮುಚ್ಚಳ ಎತ್ತಿ ನೋಡಿ. ಟೇಪು ಬಿಗಿಯಾಗಿರಬೇಕು, ಅಂಚು ಸುಕ್ಕಾಗಿರಬಾರದು. ಇಷ್ಟು ನೋಡಲು ಬಿಡದವರ ಹತ್ತಿರ ಕೊಳ್ಳಬೇಡಿ.

ಈಗ ಕಂಪ್ಯೂಟರಿಗೆ ಇಳಿಸಿ, ಇವತ್ತೇ

ಯಂತ್ರ ಓಡಿತು ಅಂತ ಸಂಭ್ರಮದಲ್ಲಿ ಮನೆಯವರಿಗೆಲ್ಲ ಸಿನಿಮಾ ತೋರಿಸಿ ಗಂಟೆ ಕಳೆಯಬೇಡಿ. ನಿಮ್ಮ ಹತ್ತಿರ ಇರುವುದು ಎಣಿಸಿದ ಗಂಟೆಗಳು.

ಮೊದಲು ಕ್ಯಾಸೆಟ್‌ನ ಬೆನ್ನಿನ ಮೂಲೆಯಲ್ಲಿರುವ ಪ್ಲಾಸ್ಟಿಕ್ ಎಸಳು ಮುರಿಯಿರಿ. ಆಮೇಲೆ ಕೈತಪ್ಪಿ ರೆಕಾರ್ಡ್ ಒತ್ತಿದರೂ ಅಳಿಯುವುದಿಲ್ಲ. ಕ್ಯಾಸೆಟ್ ಕೊನೆಯ ತನಕ ಒಮ್ಮೆ ಮುಂದಕ್ಕೆ ಓಡಿಸಿ ಹಿಂದಕ್ಕೆ ಸುತ್ತಿ. ವರ್ಷಗಟ್ಟಲೆ ಅಂಟಿ ಕೂತ ಸುರುಳಿ ಸಡಿಲಾಗುತ್ತದೆ. ವಿಸಿಆರ್ ಮೆನುವಿನಲ್ಲಿ ಬ್ಲೂ ಬ್ಯಾಕ್ ಅನ್ನುವುದಿದ್ದರೆ ಆಫ್ ಮಾಡಿ. ಇಲ್ಲದಿದ್ದರೆ ಚಿತ್ರ ಸ್ವಲ್ಪ ದುರ್ಬಲವಾದ ಕಡೆಯೆಲ್ಲ ನೀಲಿ ಪರದೆ ಬಂದು, ಮಸುಕಾದರೂ ಸಿಗಬಹುದಾಗಿದ್ದ ಚಿತ್ರ ಕೈ ತಪ್ಪುತ್ತದೆ.

ಯುಎಸ್‌ಬಿ ವಿಡಿಯೊ ಕ್ಯಾಪ್ಚರ್ ಅನ್ನುವ ಪುಟ್ಟ ಸಾಧನ ಸಿಗುತ್ತದೆ. ಒಂದು ಕಡೆ ಹಳದಿ, ಬಿಳಿ, ಕೆಂಪು, ಇನ್ನೊಂದು ಕಡೆ ಲ್ಯಾಪ್‌ಟಾಪಿಗೆ. ಒಬಿಎಸ್ ಸ್ಟುಡಿಯೊ ಅನ್ನುವ ಸಾಫ್ಟ್‌ವೇರ್ ಪುಕ್ಕಟೆ. ಅದರಲ್ಲಿ ಪಾಲ್, 720 ಗುಣಿಸು 576 ಅಂತ ಆರಿಸಿ. ಕೈ ಆಡಿಸುವಾಗ ಬಾಚಣಿಗೆ ಹಲ್ಲಿನಂಥ ಗೆರೆ ಕಂಡರೆ ಡಿಇಂಟರ್‌ಲೇಸ್ ಆಯ್ಕೆಯಲ್ಲಿ ಯಾಡಿಫ್ 2ಎಕ್ಸ್ ಹಾಕಿ, ಸೆಕೆಂಡಿಗೆ 50 ಫ್ರೇಮ್ ಇಡಿ. ಚಿತ್ರದ ಆಕಾರ 4:3 ಇರಲಿ. ಅಗಲ ಟಿವಿ ತುಂಬಲಿ ಅಂತ ಎಳೆದರೆ ಮದುಮಗಳ ಮುಖ ಹಲಸಿನ ಹಣ್ಣಾಗುತ್ತದೆ. ಸೆಕೆಂಡಿಗೆ 5 ಮೆಗಾಬಿಟ್ ಇಟ್ಟರೆ ಗಂಟೆಗೆ ಸುಮಾರು 2.25 ಜಿಬಿ. ನನ್ನ 21 ಗಂಟೆಗೆ 50 ಜಿಬಿಯೊಳಗೆ ಮುಗಿಯಿತು.

ಮೂರು ಗಂಟೆಯ ಕ್ಯಾಸೆಟ್ ಇಳಿಯಲು ಮೂರು ಗಂಟೆಯೇ ಬೇಕು, ಬೇಗ ಮಾಡುವ ದಾರಿ ಇಲ್ಲ. ಆದರೆ ಮೊದಲ ಎರಡು ನಿಮಿಷ ರೆಕಾರ್ಡ್ ಮಾಡಿ, ನಿಲ್ಲಿಸಿ, ಹೆಡ್‌ಫೋನ್ ಹಾಕಿ ಕೇಳಿ. ಇದನ್ನು ನಾನು ಮಾಡಲಿಲ್ಲ. ಅಕ್ಕನ ಮದುವೆ ಕ್ಯಾಸೆಟ್ ಹಾಕಿ ಅಡಿಕೆ ತೋಟಕ್ಕೆ ಹೋಗಿ ಬಂದೆ. ಚಿತ್ರ ಸೊಗಸಾಗಿ ಬಂದಿತ್ತು. ಊಟದ ಪಂಕ್ತಿ, ಅಜ್ಜ ಕೈ ಬೀಸುತ್ತಾ ಏನೋ ಹೇಳುತ್ತಿದ್ದಾನೆ, ಬಾಯಿ ಅಲ್ಲಾಡುತ್ತಿದೆ, ಸದ್ದೇ ಇಲ್ಲ. ಬಿಳಿ ತಂತಿ ವಿಸಿಆರ್‌ನ ಹೊರಬರುವ ಸಾಕೆಟ್ಟಿಗೆ ಬದಲು ಒಳಹೋಗುವ ಸಾಕೆಟ್ಟಿನಲ್ಲಿತ್ತು. ಅಷ್ಟು ಹಳೇ ಟೇಪನ್ನು ಮತ್ತೊಮ್ಮೆ ಪೂರ್ತಿ ಓಡಿಸಬೇಕಾಯಿತು. ಎರಡನೇ ಸಲ ಕೇಳಿಸಿತು: "ಎಲೆ ಹಾಕ್ರೋ, ಹೊತ್ತಾಯ್ತು." ಒಟ್ಟು ಹನ್ನೊಂದು ಸೆಕೆಂಡು. ಅಕ್ಕ ಅಷ್ಟನ್ನೇ ಕತ್ತರಿಸಿ ಕಳಿಸು ಅಂದಳು.

ಎರಡು ಮೂರು ಕ್ಯಾಸೆಟ್‌ಗೊಮ್ಮೆ ಕಾಗದದ ಪಟ್ಟಿಯಲ್ಲಿ ಡ್ರಮ್ ಒರೆಸಿ, ಹಳೇ ಟೇಪಿನ ಪುಡಿ ಉದುರುತ್ತಲೇ ಇರುತ್ತದೆ. ಫೈಲುಗಳನ್ನು ಎರಡು ಬೇರೆ ಮನೆಯಲ್ಲಿ ಇಡಿ. ಒಂದು ಪ್ರತಿ ನಿಮ್ಮ ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಅಣ್ಣನದ್ದೋ ಅಕ್ಕನದ್ದೋ ಮನೆಯಲ್ಲಿ. ಅದನ್ನು ಪೂರ್ತಿ ನೋಡಿ ಸರಿ ಇದೆ ಅಂತ ಖಾತ್ರಿಯಾಗುವ ತನಕ ಕ್ಯಾಸೆಟ್ಟನ್ನೂ ಯಂತ್ರವನ್ನೂ ಬಿಸಾಡಬೇಡಿ. ಕ್ಯಾಸೆಟ್ ಪುಸ್ತಕದ ಹಾಗೆ ನಿಲ್ಲಿಸಿಡಿ.

ಕೊನೆಗೆ ಯಂತ್ರ ಕೊಟ್ಟುಬಿಡುವುದಾದರೆ ಗುಜರಿಯವರಿಗೆ ತೂಕಕ್ಕೆ ಹಾಕಬೇಡಿ, ತಾಮ್ರದ ಆಸೆಗೆ ತಂತಿ ಸುಡುತ್ತಾರೆ. 2023ರ ಏಪ್ರಿಲ್ 1ರಿಂದ ಹೊಸ ಇ-ತ್ಯಾಜ್ಯ ನಿಯಮ ಜಾರಿಯಲ್ಲಿದೆ. ನೋಂದಾಯಿತ ಇ-ತ್ಯಾಜ್ಯ ಮರುಬಳಕೆ ಮಾಡುವವರಿಗೆ ಕೊಡಿ. ಅದಕ್ಕೂ ಮುಂಚೆ ನಿಮ್ಮ ಮೆಕ್ಯಾನಿಕ್‌ಗೆ ಒಂದು ಮಾತು ಕೇಳಿ. ನಮ್ಮ ಶಿವಮೊಗ್ಗದವರು ಬಿಡಿಭಾಗಕ್ಕೆ ಬೇಕು ಅಂತ ಸಂತೋಷದಿಂದ ಇಟ್ಟುಕೊಂಡರು. ಕೊಡುವ ಮೊದಲು ಎಜೆಕ್ಟ್ ಒತ್ತಿ ನೋಡಿ. ನಮ್ಮದರಿಂದ ಆ ಕ್ರಿಕೆಟ್ ಮ್ಯಾಚು ಮತ್ತೆ ಹೊರಗೆ ಬಂತು.